ರೋಮ್ ನಗರದಲ್ಲಿ ಮೊದಲ ದಿನ ಏನು ನೋಡಬೇಕು, ಏನು ಉಣ್ಣಬೇಕು?

ಪ್ರಶ್ನೆ (ವಿಜಯಪುರದಿಂದ)

ಎಲ್ಲರಿಗೂ ನಮಸ್ಕಾರ. ಬರುವ ಮೇ ತಿಂಗಳಲ್ಲಿ ಅಪ್ಪ, ಅವ್ವ ಇಬ್ಬರನ್ನೂ ಕರೆದುಕೊಂಡು ರೋಮ್ ನಗರಕ್ಕೆ ಹೋಗುತ್ತಿದ್ದೇನೆ. ವಿಮಾನ ರಾತ್ರಿ ಇಳಿಯುವುದರಿಂದ ಮರುದಿನವೇ ನಮ್ಮ ಮೊದಲ ದಿನ. ಕೊಲೊಸಿಯಮ್, ಅದರ ಪಕ್ಕದ ಫೋರಮ್ ಎಂಬ ಪುರಾತನ ಚೌಕ, ವ್ಯಾಟಿಕನ್ ಈ ಮೂರನ್ನೂ ಅಂದೇ ಮುಗಿಸುವ ವಿಚಾರ ನನ್ನದು. ಆದರೆ ಅಪ್ಪನಿಗೆ 71 ವರ್ಷ, ಮೊಣಕಾಲು ನೋವಿದೆ. ಮನೆಗೆ ಬಂದ ಬೀಗರನ್ನೆಲ್ಲ ತಾವೇ ಗೋಳಗುಮ್ಮಟಕ್ಕೆ ಕರೆದೊಯ್ದು, ಪಿಸುಮಾತಿನ ಗ್ಯಾಲರಿಯವರೆಗೂ ಹತ್ತಿಸಿ ತೋರಿಸುತ್ತಿದ್ದವರು ಈಗ ಕೆಳಗೇ ನಿಲ್ಲುತ್ತಾರೆ. ಅವ್ವ ಅಪ್ಪಟ ಸಸ್ಯಾಹಾರಿ. ಕಟಕ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡರೆ ಸಾಕು, ಅಲ್ಲಿಯ ಊಟದ ಗೊಡವೆಯೇ ಬೇಡ ಎನ್ನುತ್ತಾಳೆ. ಮೊದಲ ದಿನವನ್ನು ಹೇಗೆ ಕಳೆದರೆ ಇಬ್ಬರಿಗೂ ಹಿತವಾದೀತು ಎಂಬುದನ್ನು ಹೋಗಿ ಬಂದವರು ದಯವಿಟ್ಟು ತಿಳಿಸಬೇಕು.

ಉತ್ತರ (ಬೆಳಗಾವಿಯಿಂದ)

ಸರ್, ಆ ಮೂರನ್ನೂ ಒಂದೇ ದಿನಕ್ಕೆ ಹಾಕಿಕೊಳ್ಳಬೇಡಿ ಎಂಬುದೇ ನನ್ನ ಮೊದಲ ವಿನಂತಿ. ಕೊಲೊಸಿಯಮ್‌ಗೆ ವೇಳೆ ನಿಗದಿಯಾದ ಟಿಕೆಟ್ ಬೇಕು. ಅದರಲ್ಲೇ ಫೋರಮ್ ಮತ್ತು ಪ್ಯಾಲಟೈನ್ ಗುಡ್ಡವೂ ಸೇರಿರುವುದರಿಂದ ಅರ್ಧ ದಿನ ಬಿಸಿಲಿನಲ್ಲಿ, ಏರುತಗ್ಗಿನಲ್ಲಿ ನಡೆಯಬೇಕಾಗುತ್ತದೆ. ಅದನ್ನು ಎರಡನೆಯ ದಿನಕ್ಕಿಟ್ಟು ಟಿಕೆಟನ್ನು ಇಲ್ಲಿಂದಲೇ ತೆಗೆಸಿಕೊಳ್ಳಿ.

ಮೇ ತಿಂಗಳಲ್ಲಿ ಅಲ್ಲಿಯ ಗಡಿಯಾರ ನಮಗಿಂತ ಮೂರೂವರೆ ತಾಸು ಹಿಂದಿರುತ್ತದೆ. ವಿಜಯಪುರದಲ್ಲಿ ಆರಕ್ಕೆ ಏಳುವ ಹಿರಿಯರಿಗೆ ರೋಮ್‌ನಲ್ಲಿ ಎರಡೂವರೆ, ಮೂರಕ್ಕೇ ಎಚ್ಚರವಾಗುತ್ತದೆ. ಇದನ್ನು ತೊಂದರೆ ಎಂದುಕೊಳ್ಳದೆ ಉಪಯೋಗಿಸಿಕೊಳ್ಳಿ. ಆರು ಗಂಟೆಗೆ ಬೆಳಕು ಹರಿದಿರುತ್ತದೆ. ಹಗಲಿನಲ್ಲಿ ಕಾಲಿಡಲೂ ಜಾಗವಿರದ ಟ್ರೆವಿ ಕಾರಂಜಿಯ ಮುಂದೆ ಆ ಹೊತ್ತಿಗೆ ಜನ ಬಹಳ ಕಡಿಮೆ. ನೀರಿನ ಸದ್ದು ಕಿವಿ ತುಂಬುತ್ತದೆ. ಅಲ್ಲಿಂದ ಪ್ಯಾಂಥಿಯನ್ ಎಂಬ ಪುರಾತನ ಗುಮ್ಮಟದ ದೇವಾಲಯಕ್ಕೆ ನಿಧಾನವಾಗಿ ನಡೆದರೂ ಕಾಲು ತಾಸು ಸಾಕು. ಒಂಬತ್ತಕ್ಕೆ ಬಾಗಿಲು ತೆರೆಯುತ್ತದೆ, ಟಿಕೆಟ್ ಇದೆ.

ಮೊದಲ ದಿನ ತಂದೆಯವರನ್ನು ಅಲ್ಲಿಗೇ ಕರೆದೊಯ್ಯಿರಿ ಎಂದು ಒತ್ತಿ ಹೇಳುತ್ತೇನೆ. ಗೋಳಗುಮ್ಮಟವನ್ನು ಅಷ್ಟು ಬಲ್ಲವರಿಗೆ ಪ್ಯಾಂಥಿಯನ್ ಗುಮ್ಮಟದ ಕೆಳಗೆ ಬೇರೆಯವರ ಕಣ್ಣಿಗೆ ಬೀಳದ ಎಷ್ಟೋ ಸಂಗತಿಗಳು ಕಾಣುತ್ತವೆ. ನಾವು ಹೇಳಿಕೊಳ್ಳುವ 44 ಮೀಟರ್ ಗೋಳಗುಮ್ಮಟದ ಹೊರವ್ಯಾಸ. ಒಳಗೆ ಅದು ಸುಮಾರು 38 ಮೀಟರ್. ಹ್ಯಾಡ್ರಿಯನ್ ಚಕ್ರವರ್ತಿಯ ಕಾಲದಲ್ಲಿ, ಕ್ರಿ.ಶ. 126ರ ಸುಮಾರಿಗೆ ಪೂರ್ಣಗೊಂಡ ಪ್ಯಾಂಥಿಯನ್‌ನ ಒಳವ್ಯಾಸವೇ 43.3 ಮೀಟರ್, ನೆಲದಿಂದ ನೆತ್ತಿಯ ಎತ್ತರವೂ ಅಷ್ಟೇ. ನಮ್ಮವರು ಚೌಕದ ಮೇಲೆ ಒಂದನ್ನೊಂದು ಹಾಯುವ ಕಮಾನುಗಳನ್ನೆಬ್ಬಿಸಿ ಗುಮ್ಮಟದ ಭಾರ ಹೊರಿಸಿದರು. ಅವರು ಆರು ಮೀಟರ್ ದಪ್ಪದ ದುಂಡು ಗೋಡೆ ಕಟ್ಟಿ, ಕಬ್ಬಿಣದ ಸರಳಿಲ್ಲದ ಕಾಂಕ್ರೀಟಿನಲ್ಲಿ ಮೇಲೇರಿದಂತೆ ಹಗುರವಾದ ಕಲ್ಲು ಬೆರೆಸುತ್ತ ಹೋದರು. ನೆತ್ತಿಯಲ್ಲಿ ಎಂಟು ಮೀಟರಿಗೂ ಅಗಲವಾದ ತೆರೆದ ಕಿಂಡಿ. ಮಳೆ ನೇರವಾಗಿ ಒಳಗೇ ಬೀಳುತ್ತದೆ. ನೀರು ಹರಿದುಹೋಗಲು ನೆಲದ ಹಾಸುಗಲ್ಲಿನಲ್ಲಿ ಸಣ್ಣ ತೂತುಗಳಿವೆ, ಅಪ್ಪಾರಿಗೆ ಬಗ್ಗಿ ನೋಡಲು ಹೇಳಿ. ಕಿಂಡಿಯ ಬಿಸಿಲು ಒಂಬತ್ತರ ಹೊತ್ತಿಗೆ ಗುಮ್ಮಟದ ಒಳಮೈಯಲ್ಲಿ ದುಂಡಗೆ ನಿಂತಿರುತ್ತದೆ. ಅರ್ಧ ತಾಸು ಕುಳಿತರೆ ಅದು ಸರಿಯುವುದು ಕಣ್ಣಿಗೆ ತಿಳಿಯುತ್ತದೆ. ಮೇ ತಿಂಗಳಲ್ಲಿ ಮಧ್ಯಾಹ್ನ ಒಂದರ ಸುಮಾರಿಗೆ ಬಾಗಿಲ ಕಡೆಯ ನೆಲಕ್ಕೇ ಇಳಿದಿರುತ್ತದೆ.

ಶಕ್ತಿ ಉಳಿದಿದ್ದರೆ ಸಮೀಪದ ಪಿಯಾತ್ಸಾ ನವೋನಾ ಚೌಕಕ್ಕೆ ಹೋಗಿ. ಶಿಲ್ಪಿ ಬರ್ನಿನಿ 1651ರಲ್ಲಿ ಮುಗಿಸಿದ ನಾಲ್ಕು ನದಿಗಳ ಕಾರಂಜಿಯಲ್ಲಿ ನಮ್ಮ ಗಂಗೆಯೂ ಇದ್ದಾಳೆ. ಅಲ್ಲಿ ಮಾತ್ರ ಗಂಡಸಿನ ರೂಪದಲ್ಲಿ, ಉದ್ದನೆಯ ಹುಟ್ಟು ಹಿಡಿದು ಕುಳಿತಿರುವಂತೆ ಕಡೆದಿದ್ದಾರೆ. ಗೋಳಗುಮ್ಮಟ ಕಟ್ಟಿಸುತ್ತಿದ್ದ ಸುಲ್ತಾನ ಮುಹಮ್ಮದ್ ಆದಿಲ್ ಶಾಹ್ ತೀರಿಕೊಂಡದ್ದು 1656ರಲ್ಲಿ. ಹಾಗಾಗಿ ಅಲ್ಲಿ ಆ ಕಾರಂಜಿ ಏಳುತ್ತಿದ್ದಾಗ ನಿಮ್ಮ ಊರಿನಲ್ಲಿ ಗೋಳಗುಮ್ಮಟ ಏಳುತ್ತಿತ್ತು. ಅದಾದ ಮೇಲೆ ಊಟ ಮಾಡಿ, ಕೋಣೆಗೆ ಮರಳಿ ಮಲಗಿಬಿಡಿ.

ಉತ್ತರ (ಬಾಗಲಕೋಟೆಯಿಂದ)

ಊಟದ ವಿಷಯವನ್ನು ನಾನು ಹೇಳುತ್ತೇನೆ. ಕಟಕ ರೊಟ್ಟಿ, ಶೇಂಗಾ ಚಟ್ನಿ ಧಾರಾಳವಾಗಿ ಒಯ್ಯಿರಿ. ಆದರೆ ಹೊರದೇಶದ ಪ್ರಯಾಣಿಕರು ತುಪ್ಪ ಮತ್ತಿತರ ಹಾಲಿನ ಪದಾರ್ಥಗಳನ್ನು ಐರೋಪ್ಯ ಒಕ್ಕೂಟದೊಳಗೆ ಒಯ್ಯುವಂತಿಲ್ಲ. ಹಾಲಿನಿಂದಲೇ ಆದ ಕುಂದಾವನ್ನೂ ಮನೆಯಲ್ಲಿ ಬಿಡುವುದೇ ಕ್ಷೇಮ.

ಮೊದಲ ದಿನವೇ ನಾನೊಂದು ತಪ್ಪು ಮಾಡಿದೆ. ಅಂಗಡಿಯೊಂದರಲ್ಲಿ ಕುಂಬಳ ಹೂವಿನ ಭಜಿಯಂಥದ್ದು ಕಂಡಿತು. ಹೂವಿನ ಭಜಿಯಲ್ಲಿ ಇನ್ನೇನಿದ್ದೀತು ಎಂದು ನಂಬಿ ಅತ್ತೆಯವರಿಗೆ ಕೊಡಿಸಿದೆ. ಮುರಿದಾಗ ಚೀಜ್ ನಡುವೆ ಸಣ್ಣ ಮೀನಿನ ತುಣುಕು ಇತ್ತು. ಅದನ್ನು ಅಲ್ಲಿ ಮಾಡುವ ಪದ್ಧತಿಯೇ ಹಾಗೆ ಎಂಬುದು ನಂತರ ತಿಳಿಯಿತು. ಅತ್ತೆಯವರು ಅಂದು ರಾತ್ರಿಯವರೆಗೆ ಏನೂ ಮುಟ್ಟಲಿಲ್ಲ, ನನಗೆ ಇಂದಿಗೂ ಆ ನೋವಿದೆ. ಸುಪ್ಲಿ ಎಂಬ ಕರಿದ ಅನ್ನದ ಉಂಡೆಯಲ್ಲಿಯೂ ಸಾಮಾನ್ಯವಾಗಿ ಮಾಂಸವಿರುತ್ತದೆ. ‘ಸೆನ್ಸಾ ಕಾರ್ನೆ, ಸೆನ್ಸಾ ಪೆಶ್ಶೆ’ ಎಂದರೆ ಮಾಂಸ ಬೇಡ, ಮೀನು ಬೇಡ ಎಂದರ್ಥ, ಚೀಟಿಯಲ್ಲಿ ಬರೆದುಕೊಳ್ಳಿ. ಚೀಜ್, ಕರಿಮೆಣಸಿನ ಪುಡಿ ಹಾಕಿದ ಕಾಚೊ ಎ ಪೇಪೆ ಎಂಬ ಪಾಸ್ತಾ ಹಿರಿಯರ ಬಾಯಿಗೆ ಹಿಡಿಸುವಂಥದ್ದೇ, ಆದರೆ ಅದರ ಪೆಕೊರಿನೊ ಚೀಜ್‌ಗೆ ಹಾಲು ಒಡೆಸುವುದು ಕುರಿಮರಿಯ ಹೊಟ್ಟೆಯ ಅಂಶದಿಂದ. ಅಪ್ಪಟ ಸಸ್ಯಾಹಾರಿಗಳು ಇದನ್ನು ತಿಳಿದಿರಬೇಕು.

ನಿಶ್ಚಿಂತೆಯಿಂದ ಉಣ್ಣುವಂಥದ್ದೂ ಇದೆ. ಟೊಮೆಟೊ, ಬೆಳ್ಳುಳ್ಳಿ ಮಾತ್ರ ಇರುವ, ಚೀಜ್ ಇಲ್ಲದ ಮರಿನಾರಾ ಪಿಜ್ಜಾ ಕೇಳಿ. ಕೆಲವು ಅಂಗಡಿಗಳಲ್ಲಿ ಪಿಜ್ಜಾವನ್ನು ಕತ್ತರಿಯಿಂದ ಕತ್ತರಿಸಿ ತೂಕದ ಮೇಲೆ ಕೊಡುತ್ತಾರೆ. ಎಷ್ಟು ಬೇಕೆಂದು ಕೈಸನ್ನೆಯಲ್ಲಿ ತೋರಿಸಿದರೆ ಸಾಕು. ಅತ್ತೆಯವರು ಕೊನೆಗೆ ಮೆಚ್ಚಿದ್ದು ಚಿಕೋರಿಯಾ ಎಂಬ ಕಹಿ ಸೊಪ್ಪಿನ ಪಲ್ಯ. ಬೇಯಿಸಿ ಹಿಂಡಿದ ಸೊಪ್ಪನ್ನು ಆಲಿವ್ ಎಣ್ಣೆ, ಬೆಳ್ಳುಳ್ಳಿ, ಒಣಮೆಣಸಿನಕಾಯಿಯಲ್ಲಿ ಬಾಡಿಸಿರುತ್ತಾರೆ. ಕಟಕ ರೊಟ್ಟಿಯ ಜೊತೆ ನಮ್ಮ ಮೆಂತ್ಯದ ಪಲ್ಯವೇ ನೆನಪಾಗುತ್ತದೆ. ಮಧ್ಯಾಹ್ನ ಮೂರರ ಮೇಲೆ ಸಂಜೆ ಏಳರವರೆಗೆ ಎಷ್ಟೋ ಹೋಟೆಲ್‌ಗಳ ಅಡುಗೆಮನೆ ಮುಚ್ಚಿರುತ್ತದೆ, ಆದ್ದರಿಂದ ಒಂದಕ್ಕೇ ಉಂಡುಬಿಡಿ.

ಉತ್ತರ (ಬೆಳಗಾವಿಯಿಂದ)

ನೀರಿನ ಮಾತು ಮರೆತಿದ್ದೆ. ಬಾಟಲಿ ಕೊಳ್ಳಬೇಕಿಲ್ಲ. 1870ರ ದಶಕದಿಂದ ಬೀದಿಬೀದಿಯಲ್ಲಿ ಎರಕದ ಕಬ್ಬಿಣದ ನಳಗಳಿವೆ. ಕುಡಿಯುವ ತಣ್ಣೀರು ಹರಿಯುತ್ತಲೇ ಇರುತ್ತದೆ. ಮೂತಿಯನ್ನು ಬೆರಳಿನಿಂದ ಮುಚ್ಚಿದರೆ ಮೇಲಿನ ಸಣ್ಣ ತೂತಿನಿಂದ ನೀರು ಚಿಮ್ಮುತ್ತದೆ, ಹಿರಿಯರು ಬಗ್ಗದೆ ಕುಡಿಯಬಹುದು. ಹಳೆಯ ಬೀದಿಗಳಲ್ಲಿ ಕರಿಕಲ್ಲಿನ ಹಾಸಿರುವುದರಿಂದ ಚಪ್ಪಲಿ ಬೇಡ, ಮೆತ್ತನೆಯ ಬೂಟು ಇರಲಿ.

ಪ್ರಶ್ನೆ ಕೇಳಿದವರು

ತಮ್ಮೆಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ವ್ಯಾಟಿಕನ್ನನ್ನು ಮೂರನೆಯ ದಿನಕ್ಕೆ ಹಾಕಿದ್ದೇನೆ. ಅವ್ವ ಸೊಪ್ಪಿನ ಹೆಸರನ್ನು ಬರೆಸಿಕೊಂಡಿದ್ದಾಳೆ. ಒಳವ್ಯಾಸ, ಹೊರವ್ಯಾಸದ ಮಾತನ್ನು ಅಪ್ಪನಿಗೆ ಓದಿ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಆ ಗುಮ್ಮಟದ ಕೆಳಗೆ ಕುಳಿತುಕೊಳ್ಳಲು ಜಾಗವಿದೆಯೇ ಎಂದು ಕೇಳಿದರು.