ಸಹಾಯ ಬೇಕು: ಲೀಗಲ್ ಏಡ್ ವಕೀಲರಿಗೆ ದಾವೆ ಹೂಡುವ ತರಬೇತಿ ಕೊಡುವವರು (ಕಾಸರಗೋಡು)

ಎಲ್ಲರಿಗೂ ನಮಸ್ಕಾರ. ಕಾಸರಗೋಡಿನಲ್ಲಿ ಉಚಿತ ಕಾನೂನು ನೆರವಿನ ಸಿವಿಲ್ ಕೇಸು ನಡೆಸುವ ನಾವು ಕೆಲವರು ಸೇರಿ ಒಂದು ಶನಿವಾರ, ಭಾನುವಾರ ತರಬೇತಿ ಇಡಬೇಕು ಅಂತಿದ್ದೇವೆ. ಪಾಠ ಮಾಡುವವರು ಬೇಕು.

ನಮಗೆ ಅಭ್ಯಾಸ ಇರುವುದು ಬಂದ ನೋಟಿಸಿಗೆ ಉತ್ತರ ಕೊಡುವುದು, ಅಷ್ಟೇ. ಒಂದೇ ಕಾಲನಿಯ ಎಲ್ಲ ಮನೆಗೂ ಒಂದೇ ತೊಂದರೆ ಇದ್ದಾಗ ನಾವೇ ಮುಂದಾಗಿ ಕೋರ್ಟಿಗೆ ಹೋಗುವುದನ್ನು ಯಾರೂ ಕಲಿಸಿಲ್ಲ. ಸಿಪಿಸಿ (ಸಿವಿಲ್ ಪ್ರಕ್ರಿಯಾ ಸಂಹಿತೆ) ಆದೇಶ 1 ನಿಯಮ 8ರಲ್ಲಿ ಕೋರ್ಟಿನ ಅನುಮತಿ ಪಡೆದು ಎಲ್ಲರ ಪರ ಒಬ್ಬರು ದಾವೆ ಹೂಡಬಹುದು, ಸರ್ಕಾರದ ಮೇಲಾದರೆ ಮೊದಲು ಕಲಂ 80ರ ನೋಟಿಸ್ ಕೊಟ್ಟು ಎರಡು ತಿಂಗಳು ಕಾಯಬೇಕು, ಇದೆಲ್ಲ ಪುಸ್ತಕದಲ್ಲೇ ಇದೆ ಬಿಡಿ. ಕಷ್ಟ ಇರುವುದು ಅದಕ್ಕೂ ಮುಂಚೆ. ಯಾರನ್ನು ವಾದಿ ಮಾಡುವುದು, ಆರ್‌ಟಿಐ ಹಾಕಿ ಯಾವ ಕಾಗದ ತರಿಸುವುದು, ಇಲ್ಲೇ ಸಿವಿಲ್ ದಾವೆಯೋ ಎರ್ನಾಕುಳಂನ ಹೈಕೋರ್ಟಿನಲ್ಲಿ ರಿಟ್ ಅರ್ಜಿಯೋ?

ಗೆದ್ದ ಮೇಲೆ ಆದೇಶ ಜಾರಿ ಮಾಡಿಸುವುದನ್ನೂ ಕಲಿಸಬೇಕು. ಎಂಡೋಸಲ್ಫಾನ್ ಕೀಟನಾಶಕದ ಸಂತ್ರಸ್ತರಿಗೆ ಮೂರು ತಿಂಗಳಲ್ಲಿ ತಲಾ 5 ಲಕ್ಷ ರೂಪಾಯಿ ಕೊಡಿ ಅಂತ ಸುಪ್ರೀಂ ಕೋರ್ಟು 2017ರಲ್ಲೇ ಹೇಳಿತ್ತು, ಆದರೂ ವರ್ಷಗಳ ಮೇಲೆ ನ್ಯಾಯಾಂಗ ನಿಂದನೆ ಅರ್ಜಿ ಹಿಡಿದು ಮತ್ತೆ ಅಲ್ಲಿಗೇ ಹೋಗಬೇಕಾಯಿತಲ್ವಾ?

ಇನ್ನೊಂದು, ನಮ್ಮ ಕಕ್ಷಿದಾರರು ತುಳುವಿನಲ್ಲೋ ಕನ್ನಡದಲ್ಲೋ ಕಥೆ ಹೇಳುತ್ತಾರೆ, ಪ್ಲಾಸ್ಟಿಕ್ ಕವರಿನಿಂದ ತೆಗೆದು ಕೊಡುವ ಕಾಗದ ಮಲಯಾಳದಲ್ಲಿರುತ್ತದೆ, ವಾದಪತ್ರ ಇಂಗ್ಲಿಷಿನಲ್ಲಿ ಹೋಗುತ್ತದೆ. ಹಾಗಾಗಿ ಕನ್ನಡ ಬಲ್ಲವರೇ ಬಂದರೆ ಒಳ್ಳೇದು. ಸುಮ್ನೆ ಭಾಷಣ ಬೇಡ, ಹೆಸರು ಅಳಿಸಿದ ಹಳೇ ಫೈಲು ತಂದು ವಾದಪತ್ರ ಬರೆಸಿ, ತಿದ್ದಿ.

ಮಂಗಳೂರು, ಪುತ್ತೂರು ಕಡೆಯವರಾದರೂ ಆದೀತು. ಪ್ರಯಾಣ, ಊಟ, ವಸತಿ ನಮ್ಮದು. ಸಂಭಾವನೆ ದೊಡ್ಡದಿಲ್ಲ, ಮೊದಲೇ ಹೇಳಿಬಿಡುತ್ತೇನೆ. ಗೊತ್ತಿರುವವರಿದ್ದರೆ ಮೆಸೇಜ್ ಮಾಡಿ.