ಸ್ಟ್ಯಾಂಡರ್ಡ್ ಮೋಡಾ, ನೆಟ್‌ವರ್ಕ್ ಮೋಡಾ? ಕಾರ್ ಸ್ಟೀರಿಯೊ ಹಾಕುವವರಿಗೆ ಕೇಳಿ

ಪ್ರಶ್ನೆ – ವಿಜಯನಗರ, ಸ್ವಿಫ್ಟ್

ಅಣ್ಣಾ, ಸೆಕೆಂಡ್ ಹ್ಯಾಂಡ್ ಸ್ವಿಫ್ಟ್ ತಗೊಂಡಿದ್ದೇನೆ. ಹಳೇ ಓನರ್ ಪಯೋನಿಯರ್ ಟಚ್‌ಸ್ಕ್ರೀನ್ ಸೆಟ್ ಹಾಕಿಸಿದ್ದರು. ಹೋದ ವಾರ ಬ್ಯಾಟರಿ ಬದಲಾಯಿಸಿದೆ. ಆಮೇಲೆ ಸೆಟ್ ಹೊಸದರ ಥರ ಆನ್ ಆಗಿ ಸ್ಪೀಕರ್ ಮೋಡ್ ಯಾವುದು ಅಂತ ಕೇಳಿತು. ಸ್ಟ್ಯಾಂಡರ್ಡ್, ನೆಟ್‌ವರ್ಕ್ ಎಂದು ಎರಡಿತ್ತು. ಫೋನ್ ಬೇಗ ಕನೆಕ್ಟ್ ಆಗಲಿ ಅಂತ ನೆಟ್‌ವರ್ಕ್ ಒತ್ತಿದೆ. ಈಗ ಮುಂದಿನ ಡೋರಿನಿಂದ ಬರೀ ಚಿಂಯ್ ಚಿಂಯ್ ಸದ್ದು. ಹಿಂದಿನ ಡೋರಿನಲ್ಲಿ ಹಾಡು ಫೋನಲ್ಲಿ ಕೇಳಿದ ಹಾಗಿದೆ. ಬೇಸ್ ಸೊನ್ನೆ. ನಾಲ್ಕೂ ಸ್ಪೀಕರ್ ಹೋದವಾ?

ಉತ್ತರ

ಹೋಗಿಲ್ಲ, ಗಾಬರಿ ಬೇಡ. ಆ ನೆಟ್‌ವರ್ಕ್‌ಗೂ ಫೋನಿಗೂ ಇಂಟರ್ನೆಟ್‌ಗೂ ಸಂಬಂಧವೇ ಇಲ್ಲ. ಸ್ಟ್ಯಾಂಡರ್ಡ್ ಮೋಡ್‌ನಲ್ಲಿ ಸೆಟ್ಟು ಮುಂದಿನ ಸ್ಪೀಕರ್ ವೈರಿಗೂ ಹಿಂದಿನ ಸ್ಪೀಕರ್ ವೈರಿಗೂ ಪೂರ್ತಿ ಹಾಡನ್ನೇ ಕಳಿಸುತ್ತದೆ. ನೆಟ್‌ವರ್ಕ್ ಮೋಡ್‌ನಲ್ಲಿ ಹಾಡನ್ನು ಮೂರು ಪಾಲು ಮಾಡುತ್ತದೆ. ಮುಂದಿನ ವೈರಿನಲ್ಲಿ ಟ್ವೀಟರ್‌ಗೆ (ಚೂಪು ಸದ್ದಿನ ಪುಟ್ಟ ಸ್ಪೀಕರ್) ಬೇಕಾದ ಟ್ರೆಬಲ್ ಮಾತ್ರ. ಹಿಂದಿನ ವೈರಿನಲ್ಲಿ ಮಧ್ಯದ ಸದ್ದು. ಬೇಸ್ ಎಲ್ಲಾ ಸಬ್‌ವೂಫರ್‌ಗೆ (ಬೇಸಿಗೆಂದೇ ಇರುವ ಸ್ಪೀಕರ್) ಹೋಗುವ ಆರ್‌ಸಿಎ ಪಿನ್ನಿಗೆ. ನಿಮ್ಮ ಗಾಡಿಯಲ್ಲಿ ಸಬ್ ಇಲ್ಲದಿದ್ದರೆ ಆ ಪಾಲು ಯಾರಿಗೂ ಸಿಗದೆ ಹೋಗುತ್ತದೆ. ಕೆನ್‌ವುಡ್, ಜೆವಿಸಿ ಸೆಟ್‌ಗಳಲ್ಲಿ ಸ್ಟ್ಯಾಂಡರ್ಡ್‌ಗೆ 2-ವೇ, ನೆಟ್‌ವರ್ಕ್‌ಗೆ 3-ವೇ ಎಂದು ಹೆಸರು.

ಈ ಮೋಡ್ ರಾಕ್, ಪಾಪ್, ಜಾಝ್ ಥರದ ಇಕ್ವಲೈಸರ್ ಅಲ್ಲ. ಬೇಕಾದಾಗ ಒತ್ತಿ, ಕೇಳಿ, ಚೆನ್ನಾಗಿರೋದನ್ನು ಇಟ್ಟುಕೊಳ್ಳುವಂಥದ್ದಲ್ಲ. ಯಾವ ವೈರಿನ ತುದಿಯಲ್ಲಿ ಯಾವ ಸ್ಪೀಕರ್ ಇದೆ ಎಂದು ನೀವು ಸೆಟ್ಟಿಗೆ ಹೇಳುತ್ತಿದ್ದೀರಿ, ಅಷ್ಟೇ. ಹಾಗಾಗಿ ಮೊದಲು ವೈರಿಂಗ್ ನೋಡಬೇಕು, ಮೆನು ಆಮೇಲೆ.

ಬದಲಾಯಿಸುವ ಮುಂಚೆ ಒಂದು ಕೆಲಸ ಮಾಡಿ. ಈಗಿರುವ ನೆಟ್‌ವರ್ಕ್ ಮೋಡ್‌ನಲ್ಲೇ ವಾಲ್ಯೂಮ್ ಸಣ್ಣದಾಗಿಟ್ಟು ಒಂದೊಂದು ಸ್ಪೀಕರ್‌ಗೂ ಕಿವಿ ಕೊಡಿ. ಮುಂದಿನ ಡೋರಿನ ದೊಡ್ಡ ಸ್ಪೀಕರ್‌ನಿಂದಲೇ ಟ್ರೆಬಲ್ ಬಂದು, ಹಿಂದಿನ ಡೋರಿನಲ್ಲೂ ಸದ್ದು ಇದ್ದರೆ ಮಾಮೂಲಿ ವೈರಿಂಗ್. ಆಗ ಧೈರ್ಯವಾಗಿ ಸ್ಟ್ಯಾಂಡರ್ಡ್ ಹಾಕಿ. ನೀವು ಬರೆದಿರೋದು ನೋಡಿದರೆ ಹಾಗೇ ಇದೆ. ಸುಮಾರು ಸೆಟ್‌ಗಳಲ್ಲಿ ಹಾಡು ಓಡುತ್ತಿರುವಾಗ ಈ ಆಯ್ಕೆ ಸಿಗುವುದಿಲ್ಲ. ಸೋರ್ಸ್ ಆಫ್ ಮಾಡಿ ಸೆಟ್ಟಿಂಗ್ಸ್‌ಗೆ ಹೋಗಿ. ಕೆಲವು ಹಳೇ ಮಾಡೆಲ್‌ಗಳಲ್ಲಿ ಸೆಟ್ಟಿನ ಮೈಮೇಲೇ ಸಣ್ಣ ಸ್ವಿಚ್ ಇರುತ್ತದೆ, ಹೊರಗೆ ಎಳೆಯದೆ ಕೈಗೆ ಸಿಗುವುದಿಲ್ಲ.

ಪ್ರಶ್ನೆ – ಯಲಹಂಕ, ಬಲೆನೊ

ನಂದೂ ಸೇಮ್ ಕಥೆ ಸರ್. ಸರ್ವಿಸ್‌ಗೆ ಬಿಟ್ಟಾಗ ಬ್ಯಾಟರಿ ವೈರ್ ತೆಗೆದಿದ್ದರು. ಮನೆಗೆ ಬಂದು ನಾನು ಸ್ಟ್ಯಾಂಡರ್ಡ್ ಅಂತಾನೇ ಹಾಕಿದೆ. ಆದರೆ ಪಿಲ್ಲರ್ ಹತ್ತಿರದ ಟ್ವೀಟರ್ ಕಿರ್ರ್ ಅನ್ನುತ್ತಿದೆ. ಹಿಂದಿನ ಡೋರಿನಲ್ಲಿ ಮೊದಲಿಂದಲೂ ಸದ್ದಿಲ್ಲ. ಡಿಕ್ಕಿಯಲ್ಲಿ ಸಬ್ ಇದೆ. ಹಾಕಿಸಿದಾಗ ಆಕ್ಟಿವ್ ಸೆಟಪ್ ಅಂದಿದ್ದರು.

ಉತ್ತರ

ಸೇಮ್ ಅಲ್ಲ, ಪೂರ್ತಿ ಉಲ್ಟಾ. ಇದನ್ನು ಓದುತ್ತಾ ಹಾಡು ಹಾಕಿದ್ದರೆ ಮೊದಲು ನಿಲ್ಲಿಸಿ.

ನಿಮ್ಮ ಟ್ವೀಟರ್ ನೇರವಾಗಿ ಸೆಟ್ಟಿನ ಮುಂದಿನ ವೈರಿಗೆ ಸೇರಿದೆ. ಮುಂದಿನ ಡೋರಿನ ಸ್ಪೀಕರ್ ಹಿಂದಿನ ವೈರಿಗೆ ಸೇರಿದೆ. ಹಿಂದಿನ ಡೋರು ಸುಮ್ನೆ ಖಾಲಿ. ಆಕ್ಟಿವ್ ಅಂದರೆ ಇದೇ, ಸದ್ದು ಪಾಲು ಮಾಡುವುದು ಸೆಟ್ಟೇ. ಇದಕ್ಕೆ ನೆಟ್‌ವರ್ಕ್ ಮೋಡೇ ಬೇಕು. ಸ್ಟ್ಯಾಂಡರ್ಡ್ ಹಾಕಿದಾಗ ಡೋಲು, ಬೇಸ್ ಗಿಟಾರ್ ಎಲ್ಲಾ ಆ ಪುಟಾಣಿ ಟ್ವೀಟರ್‌ಗೆ ಹೋಗುತ್ತದೆ. ಅದರ ಒಳಗಿನ ಕಾಯಿಲ್ ತಂತಿ ಕೂದಲಿನಷ್ಟು ಸಣ್ಣ. ಜೋರಾಗಿ ಇಟ್ಟರೆ ಸುಟ್ಟುಹೋಗುತ್ತದೆ. ಪಯೋನಿಯರ್ ಮ್ಯಾನುಯಲ್‌ನಲ್ಲೂ ಈ ಎಚ್ಚರಿಕೆ ಇದೆ. ಕಿರ್ರ್ ಅನ್ನುತ್ತಿದ್ದರೂ ಇನ್ನೂ ಬದುಕಿರಬಹುದು. ಮೋಡ್ ಬದಲಾಯಿಸಿ ಕೇಳಿ ನೋಡಿ.

ಆಮೇಲೆ ಎರಡು ಕೆಲಸ. ಒಂದು, ಪ್ರತಿ ಟ್ವೀಟರ್‌ನ ಪ್ಲಸ್ ವೈರಿಗೆ ಸರಣಿಯಲ್ಲಿ ಒಂದು ನಾನ್-ಪೋಲಾರ್ (ಪ್ಲಸ್ ಮೈನಸ್ ಭೇದ ಇಲ್ಲದ) ಕೆಪಾಸಿಟರ್ ಹಾಕಿಸಿ, ಅದು ಬೇಸನ್ನು ತಡೆಯುತ್ತದೆ. ಎಸ್‌ಪಿ ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಸಿಗುತ್ತದೆ, ದುಬಾರಿ ಏನಲ್ಲ. 4 ಓಮ್ ಟ್ವೀಟರ್‌ಗೆ 22 ಮೈಕ್ರೋಫ್ಯಾರಡ್ ಹಾಕಿದರೆ ಸುಮಾರು 1,800 ಹರ್ಟ್ಜ್‌ನಿಂದ (ಹರ್ಟ್ಜ್ ಹೆಚ್ಚಿದಷ್ಟೂ ಸದ್ದು ಚೂಪು) ಕೆಳಗಿನದ್ದು ಕಡಿಮೆಯಾಗುತ್ತಾ ಹೋಗುತ್ತದೆ. ಸೆಟ್ಟಿನ ಕ್ರಾಸೋವರ್ (ಸದ್ದು ಪಾಲಾಗುವ ಗಡಿ) 3,500ರ ಆಸುಪಾಸಿನಲ್ಲಿ ಇರುವುದರಿಂದ ಸೌಂಡಿಗೆ ಹೆಚ್ಚು ತೊಂದರೆ ಇಲ್ಲ. ಮುಂದೆ ಯಾರಾದರೂ ಬ್ಯಾಟರಿ ತೆಗೆದು ಮೋಡ್ ಬದಲಾದರೂ ಟ್ವೀಟರ್ ಉಳಿಯುತ್ತದೆ. ಎರಡನೇದು, ಎಲ್ಲಾ ಸೆಟ್ಟಿಂಗ್ ಪೇಜಿನ ಫೋಟೊ ತೆಗೆದು ಫೋನಿನಲ್ಲಿ ಇಟ್ಟುಕೊಳ್ಳಿ. ಆಕ್ಟಿವ್ ಮಾಡಿಸಿಕೊಟ್ಟ ಅಂಗಡಿಯವರೇ ಆವತ್ತು ಇದನ್ನು ಹೇಳಬೇಕಿತ್ತು.

ಪ್ರಶ್ನೆ – ಜಯನಗರ, ಐ20

ಹಾಗಾದರೆ ಆಕ್ಟಿವ್ ಒಳ್ಳೆಯದಾ? ಕಾಂಪೊನೆಂಟ್ ಸ್ಪೀಕರ್ (ಟ್ವೀಟರ್ ಬೇರೆ, ಡೋರಿನದ್ದು ಬೇರೆ) ತಂದಿದ್ದೇನೆ. ಜೊತೆಗೆ ಎರಡು ಸಣ್ಣ ಡಬ್ಬಿ ಕೊಟ್ಟಿದ್ದಾರೆ.

ಉತ್ತರ

ಆ ಡಬ್ಬಿಗಳೇ ಪ್ಯಾಸಿವ್ ಕ್ರಾಸೋವರ್. ಟ್ರೆಬಲ್ ಟ್ವೀಟರ್‌ಗೆ, ಉಳಿದದ್ದು ಡೋರಿನ ಸ್ಪೀಕರ್‌ಗೆ ಅಂತ ಅವೇ ಬೇರೆ ಮಾಡುತ್ತವೆ. ಅವನ್ನು ಬಳಸುವುದಾದರೆ ಕಣ್ಣು ಮುಚ್ಚಿ ಸ್ಟ್ಯಾಂಡರ್ಡ್ ಮೋಡ್. ಡಬ್ಬಿಯೂ ಇಟ್ಟು ನೆಟ್‌ವರ್ಕ್ ಮೋಡೂ ಹಾಕುವ ಹಾಗಿಲ್ಲ.

ನನ್ನನ್ನು ಕೇಳಿದರೆ ಮನೆಮಂದಿ ಓಡಾಡುವ ಗಾಡಿಗೆ ಆಕ್ಟಿವ್ ಬೇಡ. ಸೆಟ್ಟಿನಲ್ಲಿ ಇರೋದೇ ನಾಲ್ಕು ಚಾನೆಲ್. ಎರಡು ಟ್ವೀಟರ್‌ಗೆ, ಎರಡು ಮುಂದಿನ ಡೋರಿಗೆ ಹೋದರೆ ಹಿಂದಿನ ಸೀಟಿನವರಿಗೆ ಉಳಿಯುವುದೇನು? ಬೇರೆ ಆಂಪ್ಲಿಫೈಯರ್ ಹಾಕಬೇಕು, ಖರ್ಚು ಜಾಸ್ತಿ. ಒಬ್ಬರೇ ಓಡಿಸುವ ಗಾಡಿ, ಕೂತು ಟ್ಯೂನ್ ಮಾಡುವ ತಾಳ್ಮೆ ಇದೆ ಅಂದರೆ ಮಾತ್ರ ಆಕ್ಟಿವ್ ಮಾಡಿಸಿ. ಆಗ ಖುಷಿಯೂ ಸಿಗುತ್ತದೆ.

ಪ್ರಶ್ನೆ – ಮೊದಲಿನವರೇ, ಸ್ವಿಫ್ಟ್

ಸ್ಟ್ಯಾಂಡರ್ಡ್ ಮಾಡಿದೆ, ಹಾಡು ವಾಪಸ್ ಬಂತು, ಥ್ಯಾಂಕ್ಸ್ ಅಣ್ಣಾ. ಈಗ ಎಚ್‌ಪಿಎಫ್, ಎಲ್‌ಪಿಎಫ್, ಸ್ಲೋಪ್ ಅಂತ ಏನೇನೋ ಇದೆ. ಏನು ಹಾಕಲಿ? ನಂಬರ್ ಹೇಳಿಬಿಡಿ ಸಾಕು.

ಉತ್ತರ

ನಂಬರ್ ಕೊಡುತ್ತೇನೆ, ಯಾಕೆ ಅಂತಾನೂ ಹೇಳುತ್ತೇನೆ. ಇಲ್ಲಾಂದರೆ ನಾಳೆ ಸಬ್ ತಂದ ಮೇಲೆ ಮತ್ತೆ ಕೇಳಬೇಕಾಗುತ್ತದೆ.

ಎಚ್‌ಪಿಎಫ್ ಅಂದರೆ ಹೇಳಿದ ನಂಬರಿಗಿಂತ ಮೇಲಿನದ್ದು ಮಾತ್ರ ಬಿಡುವ ಫಿಲ್ಟರ್. ಎಲ್‌ಪಿಎಫ್ ಕೆಳಗಿನದ್ದು ಮಾತ್ರ ಬಿಡುತ್ತದೆ. ಸ್ಲೋಪ್ ಅಂದರೆ ಎಷ್ಟು ಕಡಿದಾಗಿ ತಡೆಯಬೇಕು ಅನ್ನುವುದು. 80 ಹರ್ಟ್ಜ್, 12 ಡೆಸಿಬಲ್ ಎಂದು ಹಾಕಿದಿರಿ ಅನ್ನಿ. ಅದರ ಅರ್ಧ, ಅಂದರೆ 40 ಹರ್ಟ್ಜ್ ಹೊತ್ತಿಗೆ ಸದ್ದು ಸುಮಾರು 12 ಡೆಸಿಬಲ್ ಇಳಿದಿರುತ್ತದೆ. ಅಲ್ಲಿ ಸ್ಪೀಕರ್‌ಗೆ ಹೋಗುವ ಪವರ್ 16ರಲ್ಲಿ ಒಂದು ಪಾಲು ಅಷ್ಟೇ.

ಎಚ್‌ಪಿಎಫ್ ಹಾಕಿದರೆ ಬೇಸ್ ಹೋಗುತ್ತದೆ ಅಂತ ಎಲ್ಲರೂ ಹೆದರುತ್ತಾರೆ. ಆದರೆ ಅಷ್ಟೇ ಜೋರು ಸದ್ದಿಗೆ ಫ್ರೀಕ್ವೆನ್ಸಿ ಅರ್ಧ ಆದಾಗ ಸ್ಪೀಕರ್‌ನ ಕೋನ್ ನಾಲ್ಕು ಪಟ್ಟು ಹೆಚ್ಚು ಅಲ್ಲಾಡಬೇಕು. 160ರಲ್ಲಿ 1 ಮಿಲಿಮೀಟರ್ ಅಲ್ಲಾಡಿದ್ದು 80ರಲ್ಲಿ 4 ಮಿಲಿಮೀಟರ್, 40ರಲ್ಲಿ 16 ಮಿಲಿಮೀಟರ್. ಡೋರಿನ ಆರೂವರೆ ಇಂಚಿನ ಸ್ಪೀಕರ್‌ಗೆ ಅಷ್ಟು ದೂರ ಹೋಗೋಕೆ ಆಗುವುದಿಲ್ಲ. ಒದರುತ್ತದೆ. ಅದೇ ಒದರಾಟದಲ್ಲಿ ಹಾಡುವವರ ದನಿಯೂ ಹಾಳಾಗುತ್ತದೆ. ಕೆಳಗಿನದ್ದನ್ನು ತೆಗೆದುಬಿಟ್ಟರೆ ಅದೇ ಸ್ಪೀಕರ್ ಇನ್ನೂ ಎರಡು ಪಾಯಿಂಟ್ ಜೋರಾಗಿ, ಸ್ಪಷ್ಟವಾಗಿ ಹಾಡುತ್ತದೆ.

ಸಬ್ ಇಲ್ಲದ ನಿಮ್ಮ ಸ್ವಿಫ್ಟ್‌ಗೆ ಮುಂದಿನ ಡೋರು 63 ಹರ್ಟ್ಜ್, 12 ಡೆಸಿಬಲ್. ಹಿಂದೆ 80. ಸಬ್ ಹಾಕಿಸಿದ ದಿನ ಮುಂದೆ 80, ಹಿಂದೆ 100, ಸಬ್‌ನ ಎಲ್‌ಪಿಎಫ್ 80 ಮಾಡಿ. ಡ್ಯಾಶ್‌ಬೋರ್ಡಿನಲ್ಲಿ ನಾಲ್ಕು ಇಂಚಿನ ಸ್ಪೀಕರ್ ಇರುವ ಗಾಡಿಯಾದರೆ 125ರಿಂದ ಶುರುಮಾಡಿ. ಇಲ್ಲಿಂದ ಮುಂದೆ ನಿಮ್ಮ ಕಿವಿ. ಲೌಡ್‌ನೆಸ್, ಬೇಸ್ ಬೂಸ್ಟ್ ಎಲ್ಲಾ ಆಫ್ ಇಟ್ಟು ಕೇಳಿ. ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ನಿಂತು ಟ್ಯೂನ್ ಮಾಡಬೇಡಿ. ಅಲ್ಲಿನ ಬಸ್ಸು ಲಾರಿ ಗುಡುಗುಡು ಬೇಸನ್ನೆಲ್ಲಾ ಮುಚ್ಚಿಹಾಕುತ್ತದೆ. ನೀವು ಏರಿಸುತ್ತಾ ಹೋಗುತ್ತೀರಿ, ಮನೆ ಮುಂದೆ ಬಂದಾಗ ಪಕ್ಕದ ಮನೆಯವರು ಕಿಟಕಿ ಹಾಕಿಕೊಳ್ಳುತ್ತಾರೆ.

ಪ್ರಶ್ನೆ – ಕೆಂಗೇರಿ

ಬಾಸ್, ಸೆಟ್ ಡಬ್ಬದ ಮೇಲೆ 50 ವ್ಯಾಟ್ ಇಂಟು 4 ಅಂತಿದೆ. ಸ್ಪೀಕರ್ ಮೇಲೆ 300 ವ್ಯಾಟ್. ಆಂಪ್ಲಿಫೈಯರ್ ಇಲ್ಲದೆ ಓಡುತ್ತದಾ?

ಉತ್ತರ

ಓಡುತ್ತದೆ. ಎರಡೂ ನಂಬರ್ ಮಾರಾಟಕ್ಕೆ ಬರೆದದ್ದು. ಇಂಜಿನ್ ಆನ್ ಇದ್ದಾಗ ಸೆಟ್ಟಿಗೆ ಸಿಗುವುದು ಹೆಚ್ಚೆಂದರೆ 14.4 ವೋಲ್ಟ್. 4 ಓಮ್ ಸ್ಪೀಕರ್‌ಗೆ ಅದರಿಂದ ಕ್ಲೀನಾಗಿ ಲೆಕ್ಕದ ಪ್ರಕಾರ 26 ವ್ಯಾಟ್ ಬರುತ್ತದೆ. ನಷ್ಟ ಕಳೆದರೆ 22ರ ಆಸುಪಾಸು. ಮ್ಯಾನುಯಲ್‌ನ ಕೊನೇ ಪುಟದಲ್ಲಿ 22 ವ್ಯಾಟ್ ಇಂಟು 4 ಎಂದೇ ಸಣ್ಣ ಅಕ್ಷರದಲ್ಲಿ ಇರುತ್ತದೆ, ನೋಡಿ. ಆ 50 ಬರುವುದು ಸೌಂಡ್ ಪೂರ್ತಿ ಒಡೆದು ಹೋದಾಗ. ಸ್ಪೀಕರ್ ತರುವಾಗ 300 ಬಿಡಿ, ಆರ್‌ಎಂಎಸ್ (ಸತತವಾಗಿ ತಡೆಯುವ ಪವರ್) ಎಷ್ಟು, ಸೆನ್ಸಿಟಿವಿಟಿ (ಅಷ್ಟೇ ಪವರಿಗೆ ಎಷ್ಟು ಜೋರು) ಎಷ್ಟು ಅಂತ ಕೇಳಿ. ಬರೀ ಸೆಟ್ಟಿನಿಂದ ಓಡಿಸುವವರಿಗೆ ಸೆನ್ಸಿಟಿವಿಟಿ 90 ಡೆಸಿಬಲ್ ದಾಟಿದ್ದರೆ ಒಳ್ಳೆಯದು.

ಪ್ರಶ್ನೆ – ಮಲ್ಲೇಶ್ವರಂ, ವ್ಯಾಗನ್ ಆರ್

ಸರ್, ಡ್ರೈವರ್ ಸೀಟಿನ ಕೆಳಗೆ ಎಂಟು ಇಂಚಿನ ಸಬ್ ಹಾಕಿಸಿದೆವು. ಹಿಂದೆ ಕೂರುವ ನಮ್ಮ ಅತ್ತೆಗೆ ಎದೆ ಗುದ್ದಿದ ಹಾಗಾಗುತ್ತದಂತೆ. ಮುಂದೆ ಕೂತ ನನಗೆ ಬೇಸೇ ಕೇಳಿಸುವುದಿಲ್ಲ. ಇದು ಹೇಗೆ?

ಉತ್ತರ

ಮೇಡಂ, ಇಬ್ಬರು ಹೇಳುವುದೂ ನಿಜವೇ. ನಿಮ್ಮ ಸೀಟಿನ ಹತ್ತಿರ ಸಬ್‌ನ ಅಲೆಯೂ ಡೋರಿನ ಅಲೆಯೂ ಒಂದನ್ನೊಂದು ಕೊಲ್ಲುತ್ತಿರಬಹುದು. ಹಿಂದಿನ ಸೀಟಿನಲ್ಲಿ ಎರಡೂ ಸೇರಿ ಜಾಸ್ತಿ ಆಗುತ್ತಿದೆ. ಸಬ್‌ವೂಫರ್ ಮೆನುವಿನಲ್ಲಿ ಫೇಸ್ ಎಂದಿದೆ: ನಾರ್ಮಲ್, ರಿವರ್ಸ್. ನೀವು ಡ್ರೈವರ್ ಸೀಟಿನಲ್ಲಿ ಕೂತು, ಗ್ಲಾಸ್ ಏರಿಸಿ, ತಬಲ ಅಥವಾ ಡ್ರಮ್ ಇರುವ ಹಾಡು ಹಾಕಿ ಎರಡನ್ನೂ ಬದಲಾಯಿಸಿ ನೋಡಿ. ಯಾವುದರಲ್ಲಿ ಬೇಸ್ ತುಂಬಿ ಬರುತ್ತದೋ ಅದನ್ನು ಇಟ್ಟುಕೊಂಡು ಸಬ್ ಲೆವೆಲ್ ಇಳಿಸಿ. ಮುಂದೆ ಚೆನ್ನಾಗಿ ಕೇಳಿಸಿದರೆ ನೀವೇ ಕಡಿಮೆ ಇಡುತ್ತೀರಿ, ಅತ್ತೆಗೂ ನೆಮ್ಮದಿ.

ಇನ್ನೊಂದು. ಆ ಸಬ್ ಮೇಲೆಯೂ ಎಲ್‌ಪಿಎಫ್ ತಿರುಗಣೆ ಇರುತ್ತದೆ, ಸೆಟ್ಟಿನಲ್ಲೂ ಇದೆ. ಎರಡನ್ನೂ 80ಕ್ಕೆ ಇಟ್ಟರೆ ಒಂದರ ಮೇಲೊಂದು ತಡೆ ಬಿದ್ದು 60, 70 ಹರ್ಟ್ಜ್ ಕೂಡ ಸೊರಗುತ್ತದೆ. ಸಬ್ ಮೇಲಿನದ್ದನ್ನು ಕೊನೆಯವರೆಗೆ ತಿರುಗಿಸಿಬಿಡಿ, ಸೆಟ್ಟಿನದ್ದು ಮಾತ್ರ ಬಳಸಿ. ಹಾಗೇ ಬಾನೆಟ್ ತೆಗೆದು ಒಂದು ಸಲ ನೋಡಿ. ಸಬ್‌ಗೆ ಹೋಗುವ ಕೆಂಪು ವೈರಿನಲ್ಲಿ ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್ ಇರಬೇಕು. ಸೀಟಿನ ಹತ್ತಿರ ಇದ್ದರೆ ಪ್ರಯೋಜನ ಇಲ್ಲ. ದಾರಿಯಲ್ಲಿ ವೈರ್ ಉಜ್ಜಿ ಶಾರ್ಟ್ ಆದರೆ ಬೆಂಕಿ ಹತ್ತುವುದು ಬ್ಯಾಟರಿಯಿಂದ ಆ ಫ್ಯೂಸ್‌ವರೆಗಿನ ತುಂಡೇ.

ಪ್ರಶ್ನೆ – ಜಯನಗರ, ಐ20

ಟೈಮ್ ಅಲೈನ್‌ಮೆಂಟ್ ಹಾಕಿದರೆ ಹಾಡುವವರು ಎದುರಿಗೇ ನಿಂತ ಹಾಗೆ ಕೇಳಿಸುತ್ತದೆ ಅಂತಾರೆ. ನಾನು ಹಾಕಿದರೆ ದನಿ ಬಲಗಡೆ ಕಿಟಕಿಗೆ ಅಂಟಿಕೊಂಡಿದೆ.

ಉತ್ತರ

ಸೀಟ್ ಪೊಸಿಷನ್ ಎಡ ಮುಂದೆ ಅಂತ ಇರಬೇಕು. ಮ್ಯಾನುಯಲ್ ಚಿತ್ರದಲ್ಲಿ ಸ್ಟೀರಿಂಗ್ ಎಡಕ್ಕಿದ್ದರೆ ಜನ ಅದನ್ನೇ ನೋಡಿ ಒತ್ತುತ್ತಾರೆ. ನಮ್ಮಲ್ಲಿ ಓಡಿಸುವವರು ಕೂರುವುದು ಬಲಕ್ಕೆ. ಬಲದ ಸ್ಪೀಕರ್ ಹತ್ತಿರ, ಎಡದ್ದು ದೂರ. ಎರಡೂ ಒಟ್ಟಿಗೆ ಕಿವಿಗೆ ಬರಲು ಬಲದ್ದನ್ನು ತಡ ಮಾಡಬೇಕು, ಟೈಮ್ ಅಲೈನ್‌ಮೆಂಟ್ ಅಂದರೆ ಇದೇ. ಸದ್ದು 1 ಮಿಲಿಸೆಕೆಂಡಿಗೆ ಸುಮಾರು 34 ಸೆಂಟಿಮೀಟರ್ ಹೋಗುತ್ತದೆ. ಬಲದ ಟ್ವೀಟರ್ ನಿಮ್ಮ ಕಿವಿಗೆ 80 ಸೆಂಟಿಮೀಟರ್, ಎಡದ್ದು 130 ಆದರೆ ವ್ಯತ್ಯಾಸ 50, ಹತ್ತಿರಹತ್ತಿರ ಒಂದೂವರೆ ಮಿಲಿಸೆಕೆಂಡ್. ದೂರ ಕೇಳುವ ಸೆಟ್ ಆದರೆ ಟೇಪ್ ಹಿಡಿದು ಅಳೆದು ಇದ್ದದ್ದನ್ನೇ ಹಾಕಿ, ತಡ ಎಷ್ಟು ಎಂದು ಅದೇ ಲೆಕ್ಕ ಮಾಡಿಕೊಳ್ಳುತ್ತದೆ. ಪಕ್ಕದ ಸೀಟಿನವರಿಗೆ ಇದರಿಂದ ಸೌಂಡ್ ಸ್ವಲ್ಪ ಕೆಡುತ್ತದೆ, ಅದು ತಪ್ಪಿದ್ದಲ್ಲ.

ಪ್ರಶ್ನೆ – ಮೊದಲಿನವರೇ, ಸ್ವಿಫ್ಟ್

ಕೊನೇ ಪ್ರಶ್ನೆ ಅಣ್ಣಾ. ಬ್ಯಾಲೆನ್ಸ್ ಪೂರ್ತಿ ಎಡಕ್ಕೆ ಇಟ್ಟರೆ ಬೇಸ್ ಇದೆ, ಪೂರ್ತಿ ಬಲಕ್ಕೆ ಇಟ್ಟರೂ ಇದೆ. ನಡುವೆ ಇಟ್ಟರೆ ಮಾಯ!

ಉತ್ತರ

ಒಂದು ಕಡೆ ಪ್ಲಸ್ ಮೈನಸ್ ತಿರುಗಿದೆ. ಒಂದು ಕೋನ್ ಮುಂದೆ ಬರುವಾಗ ಇನ್ನೊಂದು ಹಿಂದೆ ಹೋಗುತ್ತಿದೆ. ಯಾವ ಕ್ರಾಸೋವರ್ ಸೆಟ್ಟಿಂಗೂ ಇದನ್ನು ಸರಿ ಮಾಡುವುದಿಲ್ಲ. ಫೇಡರ್ (ಮುಂದೆ-ಹಿಂದೆ ಸದ್ದು ಹಂಚುವ ಸೆಟ್ಟಿಂಗ್) ಪೂರ್ತಿ ಮುಂದಕ್ಕೆ, ಆಮೇಲೆ ಪೂರ್ತಿ ಹಿಂದಕ್ಕೆ ಇಟ್ಟು ಯಾವ ಜೋಡಿ ಅಂತ ಮೊದಲು ಹಿಡಿಯಿರಿ. ಸೆಟ್ಟಿನ ಕಪ್ಲರ್ (ವೈರ್‌ಗಳು ಸೇರುವ ಪ್ಲಗ್) ಬಿಚ್ಚಿ. ಮುಂದಿನ ಎಡದ್ದು ಬಿಳಿ ವೈರ್, ಮುಂದಿನ ಬಲ ಬೂದು, ಹಿಂದಿನ ಎಡ ಹಸಿರು, ಹಿಂದಿನ ಬಲ ನೇರಳೆ. ಕಪ್ಪು ಗೆರೆ ಇರುವುದು ಮೈನಸ್. ಇದು ಸೆಟ್ಟಿನ ಕಡೆಯ ಬಣ್ಣ, ಗಾಡಿಯ ಕಡೆ ಬೇರೆ ಇರಬಹುದು. ಡೋರಿನ ಗ್ರಿಲ್ ತೆಗೆದು, ಟಾರ್ಚಿಗೆ ಹಾಕುವ ಒಂದೂವರೆ ವೋಲ್ಟ್ ಸೆಲ್‌ನ ಪ್ಲಸ್ಸನ್ನು ಸ್ಪೀಕರ್‌ನ ಪ್ಲಸ್ ವೈರಿಗೆ, ಮೈನಸ್ಸನ್ನು ಮೈನಸ್‌ಗೆ ಒಂದು ಕ್ಷಣ ಮುಟ್ಟಿಸಿ. ಟಕ್ ಎಂದು ಕೋನ್ ಹೊರಗೆ ಬಂದರೆ ಸರಿ, ಒಳಗೆ ಹೋದರೆ ಆ ಎರಡು ವೈರ್ ಅದಲುಬದಲು ಮಾಡಿ. ಬರೀ ಟ್ವೀಟರ್‌ಗೆ ಇದನ್ನು ಮಾಡಲು ಹೋಗಬೇಡಿ.