ಸ್ಟುಡಿಯೊ ಕೆಲಸಕ್ಕ ಫೋಟೊಶಾಪ್ ಬಿಟ್ಟು ಗಿಂಪ್: ಏನು ನಡೀತದ, ಏನು ನಡಿಯಂಗಿಲ್ಲ?

ಸ್ಟುಡಿಯೊ_ಕಲಬುರಗಿ:
ಕಲಬುರಗಿಯೊಳಗ ಸಣ್ಣ ಸ್ಟುಡಿಯೊ. ಪಾಸ್‌ಪೋರ್ಟ್ ಫೋಟೊ, ಅರ್ಜಿ ಹಾಕೋರ ಫೋಟೊ-ಸಹಿ, ಲಗ್ನದ ಆಲ್ಬಮ್ (12×36 ಇಂಚು), ಕನ್ನಡ ಮತ್ತ ಉರ್ದು ಬರಹದ ಬ್ಯಾನರ್, ಇಷ್ಟ ಕೆಲಸ. ತಿಂಗಳ ತಿಂಗಳ ಸಾಫ್ಟ್‌ವೇರಿಗೆ ರೊಕ್ಕ ಕಟ್ಟೋದು ಈ ವ್ಯಾಪಾರಕ್ಕ ಗಿಟ್ಟಂಗಿಲ್ಲ, ಕ್ರ್ಯಾಕ್ ಕಾಪಿ ಬ್ಯಾಡ. ವಿಂಡೋಸ್ 10, 8 ಜಿಬಿ ರ‍್ಯಾಮ್ ಅದ. ಪೂರಾ ಗಿಂಪ್ (ರೊಕ್ಕ ಇಲ್ಲದ ಫೋಟೊ ತಿದ್ದೋ ಸಾಫ್ಟ್‌ವೇರ್) ಮ್ಯಾಲೆ ಹೋಗಬಹುದೇನ್ರಿ? ಹಳೆ ಪಿಎಸ್‌ಡಿ (ಫೋಟೊಶಾಪ್ ಫೈಲ್) ಟೆಂಪ್ಲೇಟ್, ನುಡಿ ಫಾಂಟಿನ ಮ್ಯಾಟರ್ ಭಾಳ ಅವ. ಅವು ಏನಾಗ್ತಾವ?

ಬಿಸಿಲನಾಡು:
ಕ್ರ್ಯಾಕ್ ಬ್ಯಾಡ ಅಂದಿದ್ದು ಛಲೋ ಆತ್ರಿ. ಗೊತ್ತಿದ್ದೂ ಕದ್ದ ಸಾಫ್ಟ್‌ವೇರ್ ಬಳಸಿದ್ರ ಕೃತಿಸ್ವಾಮ್ಯ ಕಾಯ್ದೆ 1957ರ 63ಬಿ ಕಲಮಿನ ಪ್ರಕಾರ 7 ದಿನದಿಂದ 3 ವರ್ಷದ ತನಕ ಜೈಲು, 50 ಸಾವಿರದಿಂದ 2 ಲಕ್ಷ ದಂಡ. ಗಿಂಪ್ ಜಿಪಿಎಲ್ ಅನ್ನೋ ಮುಕ್ತ ಲೈಸೆನ್ಸಿನಾಗ ಬರ್ತದ, ವ್ಯಾಪಾರಕ್ಕ ಬಳಸಲಿಕ್ಕೂ ಪರವಾನಗಿ ಅದ. ಗಿಂಪ್‌ನ ಅಧಿಕೃತ ತಾಣದಿಂದ್ಲೇ ಇಳಿಸಿಕೋರಿ, ಹುಡುಕಿದಾಗ ಮ್ಯಾಲೆ ಬರೋ ಜಾಹೀರಾತಿನ ಕೊಂಡಿ ಒತ್ತಬ್ಯಾಡ್ರಿ.

ಪಾಸ್‌ಪೋರ್ಟ್ ಫೋಟೊ ಇವತ್ತೇ ಬದಲಿಸ್ರಿ. ಕ್ರಾಪ್ ಟೂಲ್ (ಶಿಫ್ಟ್+ಸಿ) ತಗೊಂಡು ಫಿಕ್ಸೆಡ್ ಅಂತಿದ್ದಲ್ಲಿ ಆಸ್ಪೆಕ್ಟ್ ರೇಶಿಯೊ 35:45 ಕೊಡ್ರಿ. ಆಮ್ಯಾಲೆ ಇಮೇಜ್ > ಸ್ಕೇಲ್ ಇಮೇಜ್‌ನಾಗ 413×531 ಪಿಕ್ಸೆಲ್, 300 ಪಿಪಿಐ (ಇಂಚಿಗೆ ಇಷ್ಟು ಪಿಕ್ಸೆಲ್). ಅಂದ್ರ ಬರೋಬ್ಬರಿ 35×45 ಮಿ.ಮೀ. ಈಗ ಇಮೇಜ್ > ಕ್ಯಾನ್ವಾಸ್ ಸೈಜ್‌ನಾಗ ಅಗಲ-ಎತ್ತರ ಕಟ್ಟಿದ ಸರಪಳಿ ಗುರುತು ಬಿಚ್ಚಿ 450×600 ಮಾಡಿ ಸೆಂಟರ್ ಒತ್ತರಿ. ಬ್ಯಾಕ್‌ಗ್ರೌಂಡ್ ಬಣ್ಣ ಬಿಳಿ ಅದ ಏನು ನೋಡಿ ಫ್ಲ್ಯಾಟನ್ (ಲೇಯರೆಲ್ಲ ಒಂದ ಮಾಡೋದು) ಮಾಡ್ರಿ. ಬಿಳಿ ಇಲ್ಲಂದ್ರ ಅಂಚಿನ ಸುತ್ತ ಬ್ಯಾರೆ ಬಣ್ಣ ತುಂಬ್ತದ. ಕಾಪಿ ಮಾಡಿ 1800×1200ರ (6×4 ಇಂಚು, 300 ಪಿಪಿಐ) ಹೊಸ ಇಮೇಜ್ ತೆಗೀರಿ. ಪ್ಯಾಟರ್ನ್ ಪಟ್ಟಿಯೊಳಗ ಮೊದಲಿಗೇ ಕ್ಲಿಪ್‌ಬೋರ್ಡ್ ಇರ್ತದ, ಅದನ್ನ ಆರಿಸಿ ಎಡಿಟ್ > ಫಿಲ್ ವಿತ್ ಪ್ಯಾಟರ್ನ್. 450ರ ನಾಕು, 600ರ ಎರಡು: ಎಂಟು ಫೋಟೊ ಒಂದ ಸಲಕ್ಕ ಕುಂದರ್ತಾವ, ನಡುವ ಕತ್ತರಿಸಲಿಕ್ಕ ಜಾಗನೂ ಸಿಗ್ತದ.

ತಪ್ಪೋದು ಪ್ರಿಂಟಿನಾಗ. ಬಾರ್ಡರ್‌ಲೆಸ್ ಒತ್ತಿದ್ರ ಪ್ರಿಂಟರ್ ಡ್ರೈವರ್ ಚಿತ್ರನ ಸ್ವಲ್ಪ ಹಿಗ್ಗಸ್ತದ, 35 ಇದ್ದಿದ್ದು 36 ದಾಟ್ತದ. ಎಕ್ಸ್‌ಪ್ಯಾನ್ಶನ್ ಕಡಿಮಿಗಿಟ್ಟು, ಫಿಟ್ ಟು ಪೇಜ್ ತೆಗೆದು, ಮೊದಲನೇ ಶೀಟಿಗೆ ಸ್ಕೇಲ್ ಪಟ್ಟಿ ಹಚ್ಚಿ ನೋಡ್ರಿ.

ಅರ್ಜಿ ಫೋಟೊ 20ರಿಂದ 50 ಕೆಬಿ ಕೇಳಿದ್ರ ಭಾಳ ಮಂದಿ ಕ್ವಾಲಿಟಿನೇ 20ಕ್ಕ ಇಳಿಸ್ತಾರ, ಮುಖ ಚೌಕ ಚೌಕ ಒಡೀತದ. ಮೊದಲು ಪಿಕ್ಸೆಲ್ ಇಳಿಸ್ರಿ. ಎಕ್ಸ್‌ಪೋರ್ಟ್ ಮಾಡೂವಾಗ ಎಕ್ಸಿಫ್ (ಕ್ಯಾಮೆರಾ ಬರೆದ ಮಾಹಿತಿ) ಮತ್ತ ಥಂಬ್‌ನೇಲ್ ಗುರುತು ತೆಗೀರಿ, ಅವೂ ಕೆಬಿ ತಿಂತಾವ. ಶೋ ಪ್ರಿವ್ಯೂ ಒತ್ತಿಟ್ಟು ಕ್ವಾಲಿಟಿ ಸರಿಸಿದ್ರ ಎಷ್ಟು ಕೆಬಿ ಅಂತ ಅಲ್ಲೇ ಕಾಣ್ತದ.

ಬೀದರ್_ಅಕ್ಷರ:
ಬರಹದ ವಿಷಯ ಹೇಳುತ್ತೇನೆ. ಯುನಿಕೋಡ್ ಫಾಂಟ್ ಇದ್ದರೆ ಗಿಂಪ್‌ನಲ್ಲಿ ಕನ್ನಡದ ಒತ್ತಕ್ಷರ ಒಡೆಯುವುದಿಲ್ಲ, ಬೇರೆ ಸೆಟ್ಟಿಂಗ್ ಬೇಡ. ತೊಂದರೆ ಇರುವುದು ಹಳೆ ನುಡಿ ಮ್ಯಾಟರ್‌ನಲ್ಲಿ. ಆ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಕೋಡಿಗೆ ಕನ್ನಡದ ಚೂರುಗಳನ್ನು ಕೂರಿಸಿರುತ್ತಾರೆ. ಹಾಗಾಗಿ ಯುನಿಕೋಡ್ ಫಾಂಟಿನಲ್ಲಿ ಅಂಟಿಸಿದರೆ ಅರ್ಥವಿಲ್ಲದ ರೋಮನ್ ಸಾಲು ಬರುತ್ತದೆ. ಆಸ್ಕಿ ಎನ್ನುವ ಈ ಹಳೆ ಕೋಡಿನಿಂದ ಯುನಿಕೋಡಿಗೆ ಬದಲಿಸಿ, ಆಮೇಲೆ ಅರ್ಕಾವೊತ್ತು ಮತ್ತು ಅಂಕಿಗಳನ್ನು ಕಣ್ಣಿಟ್ಟು ನೋಡಿ, ಎಡವಟ್ಟಾಗುವುದು ಅಲ್ಲೇ. ತಲೆಬರಹಕ್ಕೆ ಬಲೂ ತಮ್ಮ 2, ಅನೇಕ್ ಕನ್ನಡ. ಆಮಂತ್ರಣಕ್ಕೆ ನೋಟೊ ಸೆರಿಫ್ ಕನ್ನಡ. ಮೂರೂ ಮುಕ್ತ ಲೈಸೆನ್ಸಿನವು.

ಉರ್ದುವಿಗೆ ನೋಟೊ ನಸ್ತಾಲಿಕ್ ಉರ್ದು ಹಾಕಿ, ದಿಕ್ಕನ್ನು ಬಲದಿಂದ ಎಡಕ್ಕೆ ಮಾಡಿ. ಸಾಲುಗಳ ನಡುವೆ ಜಾಗ ಬಹಳ ಬಿಡುತ್ತದೆ, ಲೈನ್ ಸ್ಪೇಸಿಂಗನ್ನು ಮೈನಸ್‌ಗೆ ಇಳಿಸಿ. ಹಳೆ ಇನ್‌ಪೇಜ್ (ಉರ್ದು ಬರೆಯುವ ಸಾಫ್ಟ್‌ವೇರ್) ಫೈಲಿನ ಬರಹವನ್ನೂ ಮೊದಲು ಯುನಿಕೋಡ್ ಮಾಡಬೇಕು.

ಬ್ಯಾನರಿನ ಅಕ್ಷರವನ್ನು ಮಾತ್ರ ಗಿಂಪ್‌ನಲ್ಲಿ ಕೂರಿಸಬೇಡಿ. ಫೋಟೊ ಗಿಂಪ್‌ನಲ್ಲಿ ತಿದ್ದಿ, ಇಂಕ್‌ಸ್ಕೇಪ್‌ಗೆ (ಎಷ್ಟು ಹಿಗ್ಗಿಸಿದರೂ ಅಕ್ಷರದ ಅಂಚು ಒಡೆಯದ ಸಾಫ್ಟ್‌ವೇರ್) ತಂದು ಅಲ್ಲಿ ಅಕ್ಷರ ಬರೆಯಿರಿ. ಪಿಡಿಎಫ್ ಮಾಡುವಾಗ ಟೆಕ್ಸ್ಟ್ ಟು ಪಾತ್ಸ್ (ಅಕ್ಷರವನ್ನು ಆಕಾರವಾಗಿ ಬದಲಿಸುವುದು) ಆರಿಸಿದರೆ ಪ್ರೆಸ್‌ನವರ ಹತ್ತಿರ ಫಾಂಟ್ ಇಲ್ಲದಿದ್ದರೂ ಅಕ್ಷರ ಕೆಡುವುದಿಲ್ಲ. 6×4 ಅಡಿಗೆ 72 ಡಿಪಿಐ ಸಾಕು: 5184×3456 ಪಿಕ್ಸೆಲ್. ಪ್ರೆಸ್‌ನವರು ಸಿಎಂವೈಕೆ (ಅಚ್ಚಿನ ನಾಲ್ಕು ಬಣ್ಣದ ಪದ್ಧತಿ) ಕೇಳಿದರೆ 2025ರ ಮಾರ್ಚ್‌ನಲ್ಲಿ ಬಂದ ಗಿಂಪ್ 3.0 ಬೇಕು. ಪ್ರೆಸ್‌ನವರಿಂದಲೇ ಬಣ್ಣದ ಪ್ರೊಫೈಲ್ ಪಡೆದು ಸಾಫ್ಟ್-ಪ್ರೂಫ್‌ಗೆ ಕೊಟ್ಟು ಟಿಫ್ ತೆಗೆಯಿರಿ.

ಪಿಎಸ್‌ಡಿ ತೆರೆಯುತ್ತದೆ. ಆದರೆ ಅಕ್ಷರದ ಲೇಯರ್ ಬರೀ ಚಿತ್ರವಾಗಿ ಬರುತ್ತದೆ, ಹೆಸರು ಬದಲಿಸಲು ಆಗುವುದಿಲ್ಲ. ಸ್ಮಾರ್ಟ್ ಆಬ್ಜೆಕ್ಟ್‌ನ (ಒಳಗೆ ಕೂರಿಸಿದ, ಮತ್ತೆ ತಿದ್ದಬಹುದಾದ ಚಿತ್ರ) ಕಥೆಯೂ ಅದೇ. ಎಲ್ಲ ಟೆಂಪ್ಲೇಟ್ ಬದಲಿಸಲು ಕೂರಬೇಡಿ. ದಿನಾ ಬಳಸುವ ನಾಲ್ಕೈದನ್ನು ಹೊಸದಾಗಿ ಕಟ್ಟಿ ಗಿಂಪ್‌ನ ಸ್ವಂತ ಫೈಲ್ ಆದ ಎಕ್ಸ್‌ಸಿಎಫ್‌ನಲ್ಲಿ ಇಡಿ. ಉಳಿದವನ್ನು ಬೇಕಾದಾಗ ಬ್ರೌಸರಿನಲ್ಲಿ ಫೋಟೊಪಿಯಾದಿಂದ ತೆರೆಯಬಹುದು. ಅದು ಓಪನ್ ಸೋರ್ಸ್ ಅಲ್ಲ, ಜಾಹೀರಾತಿನ ಜೊತೆ ಉಚಿತ.

ಸ್ಟುಡಿಯೊ_ಕಲಬುರಗಿ:
ಎಂಟು ಫೋಟೊ ಬರೋಬ್ಬರಿ ಕುಂತ್ವು, ಭಾಳ ಉಪಕಾರ ಆತ್ರಿ. ಆಲ್ಬಮ್ ಶೀಟಿಗೆ ಮಾತ್ರ ಕಂಪ್ಯೂಟರ್ ಕುಂಟ್ಲಿಕತ್ತದ.

ಯಾದಗಿರಿ_ಆಲ್ಬಮ್:
ಆಲ್ಬಮ್ ಕಡಿಗೆ ಬದಲಿಸೋ ಕೆಲಸ್ರಿ, ಸೀಜನ್ ನಡುವ ಕೈ ಹಾಕಬ್ಯಾಡ್ರಿ. 12×36 ಅಂದ್ರ 300 ಡಿಪಿಐಗೆ 10,800×3,600 ಪಿಕ್ಸೆಲ್. 8-ಬಿಟ್‌ನಾಗ ಪೂರಾ ಅಳತೆಯ ಒಂದ ಲೇಯರಿಗೆ ಸುಮಾರು 155 ಎಂಬಿ ಮೆಮರಿ, 16-ಬಿಟ್ ಆದ್ರ ಅದರ ಎರಡಷ್ಟು. ಇಮೇಜ್ > ಪ್ರಿಸಿಶನ್ 8-ಬಿಟ್ ಅದ ಏನು ನೋಡ್ರಿ. ಪ್ರಿಫರೆನ್ಸಸ್ > ಸಿಸ್ಟಮ್ ರಿಸೋರ್ಸಸ್‌ನಾಗ ಟೈಲ್ ಕ್ಯಾಶ್ (ಗಿಂಪ್ ಬಳಸೋ ರ‍್ಯಾಮ್) 4 ಜಿಬಿ ಇಡ್ರಿ, ಸ್ವಾಪ್ ಫೋಲ್ಡರ್ (ರ‍್ಯಾಮ್ ತುಂಬಿದಾಗ ಬಳಸೋದು) ಎಸ್‌ಎಸ್‌ಡಿ ಮ್ಯಾಲೆ ಹಾಕ್ರಿ. ಫೋಟೊಗಳನ್ನ ಬೇಕಾದ ಅಳತಿಗೆ ಇಳಿಸಿ ಆಮ್ಯಾಲೆ ಶೀಟಿಗೆ ತರ್ರಿ. ಸಣ್ಣ ಲೇಯರ್ ಸಣ್ಣ ಮೆಮರಿನೇ ತಗೋತದ.

ಗಿಂಪ್‌ನಾಗ ಆಟೊಸೇವ್ ಇಲ್ಲ. ಬ್ಯಾಸಗಿಯೊಳಗ ಕರೆಂಟ್ ಹೋದ್ರ ಸೇವ್ ಮಾಡದ ಕೆಲಸ ಹೋದಂಗ. ಯುಪಿಎಸ್ ಬೇಕೇ ಬೇಕು, ಕಂಟ್ರೋಲ್+ಎಸ್ ಕೈಗೆ ರೂಢಿ ಆಗಬೇಕು. ಅದು ಎಕ್ಸ್‌ಸಿಎಫ್ ಉಳಸ್ತದ. ಲ್ಯಾಬಿಗೆ ಕಳಸೋ ಜೆಪೆಗ್‌ಗೆ ಬ್ಯಾರೆ ಎಕ್ಸ್‌ಪೋರ್ಟ್ ಮಾಡಬೇಕು, ಎಸ್‌ಆರ್‌ಜಿಬಿ ಬಣ್ಣದೊಳಗ.

ರಾ ಫೈಲ್ (ಕ್ಯಾಮೆರಾದ ಕಚ್ಚಾ ಫೋಟೊ) ಗಿಂಪ್ ತಾನ ತೆಗಿಯಂಗಿಲ್ಲ, ಡಾರ್ಕ್‌ಟೇಬಲ್ ಇಲ್ಲಾ ರಾ-ಥೆರಪಿ ಜೋಡಿ ಹಾಕಬೇಕು. ಗ್ರಾಫಿಕ್ಸ್ ಕಾರ್ಡ್ ಇಲ್ಲದ ಮಷೀನಿಗೆ ರಾ-ಥೆರಪಿ ನೋಡ್ರಿ.

ಮದುಮಗಳ ಮುಖ ತಿದ್ದಲಿಕ್ಕ ಫಿಲ್ಟರ್ಸ್ > ಎನ್‌ಹಾನ್ಸ್ > ವೇವ್ಲೆಟ್ ಡಿಕಂಪೋಸ್, 5 ಸ್ಕೇಲ್. ಇದು ಫೋಟೊನ ಸಣ್ಣ-ದೊಡ್ಡ ವಿವರದ ಪ್ರಕಾರ ಬ್ಯಾರೆ ಬ್ಯಾರೆ ಲೇಯರ್ ಮಾಡಿ ಬಿಡಸ್ತದ. ಸ್ಕೇಲ್ 1, 2ರಾಗ ಚರ್ಮದ ರಂಧ್ರ, ಕೂದಲೆಳಿ ಇರ್ತಾವ, ಮುಟ್ಟಬ್ಯಾಡ್ರಿ. ಸ್ಕೇಲ್ 4, 5ರಾಗ ಗಲ್ಲ-ಹಣಿ ಫ್ರೀ ಸೆಲೆಕ್ಟ್‌ನಿಂದ ಸುತ್ತಿ, ಅಂಚು ಫೆದರ್ ಮಾಡಿ, ಗಾಸಿಯನ್ ಬ್ಲರ್ ಕೊಡ್ರಿ. ಕಣ್ಣು, ತುಟಿ, ಮೂಗುತಿ ಅಂಚು ಸೆಲೆಕ್ಷನ್ ಒಳಗ ಬಂದ್ರ ಸುತ್ತ ಬೆಳಕಿನ ಉಂಗುರ ಬೀಳ್ತದ, ಅಲ್ಲಿಂದ ದೂರ ಇರ್ರಿ. ಇದನ್ನ ಒಂಟಿ ಫೋಟೊ ಮ್ಯಾಲೆ ಮುಗಿಸಿ ಆಮ್ಯಾಲೆ ಶೀಟಿಗೆ ತರ್ರಿ, ಯಾಕಂದ್ರ ಡಿಕಂಪೋಸ್ ಮಾಡಿದ ಕೂಡ್ಲೆ ಹೊಸ ಲೇಯರ್ ಆರು ಹುಟ್ಟತಾವ.